ಅರ್ಥಶಾಸ್ತ್ರಕ್ಕೊಬ್ಬ ಮೇಷ್ಟ್ರು ಬೇಕಿತ್ತು

ಸಂಜೆ ಹೊತ್ತು ನಮ್ಮ ಶಿವಮೊಗ್ಗದ ಯಾವ ಬಡಾವಣೆಯಲ್ಲಿ ನಡೆದರೂ ಟ್ಯೂಷನ್ ಬೋರ್ಡುಗಳಿಗೆ ಬರವಿಲ್ಲ. ವಿದ್ಯುತ್ ಕಂಬಕ್ಕೆ ಕಟ್ಟಿದ್ದು, ಕಾಂಪೌಂಡಿನ ಮೇಲೆ ಬರೆಸಿದ್ದು, ಮುಚ್ಚಿದ ಅಂಗಡಿಯ ಷಟರ್‌ಗೆ ಅಂಟಿಸಿದ್ದು, ಹೀಗೆ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ದಪ್ಪ ಅಕ್ಷರದಲ್ಲಿ ಇರುತ್ತವೆ. ಅವುಗಳ ಪಕ್ಕದಲ್ಲಿ ನೀಟ್, ಸಿಇಟಿ. ಹುಡುಕಿದರೆ ಕಾಮರ್ಸ್ ಬೋರ್ಡೂ ಸಿಗುತ್ತದೆ. ಅದರಲ್ಲಿ ಮೊದಲ ಸಾಲು ಅಕೌಂಟೆನ್ಸಿ, ಎರಡನೆಯದು ಬಿಸಿನೆಸ್ ಸ್ಟಡೀಸ್, ಜಾಗ ಮಿಕ್ಕಿದ್ದರೆ ಮೂರನೆಯ ಸಾಲಿನಲ್ಲಿ ಎಕನಾಮಿಕ್ಸ್. ಅರ್ಥಶಾಸ್ತ್ರ ಒಂದನ್ನೇ ಕಲಿಸುತ್ತೇವೆ ಎಂದು ಬರೆದ ಬೋರ್ಡನ್ನು ನಾನಂತೂ ಈ ಊರಿನಲ್ಲಿ ನೋಡಿಲ್ಲ.

ಬೇಡಿಕೆ, ಪೂರೈಕೆಗಳ ಬಗ್ಗೆ ಪುಟಗಟ್ಟಲೆ ಹೇಳುವ ಶಾಸ್ತ್ರಕ್ಕೇ ಮೇಷ್ಟ್ರುಗಳ ಪೂರೈಕೆ ಇಲ್ಲದಿರುವುದು ತಮಾಷೆಯೇ ಸರಿ. ಕಾರಣ ದೊಡ್ಡದೇನಲ್ಲ. 'ಅದು ಥಿಯರಿ, ಬಾಯಿಪಾಠ ಮಾಡಿದರಾಯಿತು' ಎಂದು ಹುಡುಗರೂ ನಂಬಿದ್ದಾರೆ, ಹೆತ್ತವರೂ ನಂಬಿದ್ದಾರೆ. ಅಕೌಂಟೆನ್ಸಿಯಲ್ಲಿ ಬ್ಯಾಲೆನ್ಸ್ ಶೀಟು ಟ್ಯಾಲಿ ಆಗದಿದ್ದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆ ಕೂಡಲೇ ಟ್ಯೂಷನ್ನಿಗೆ ಓಡುತ್ತಾರೆ. ಅರ್ಥಶಾಸ್ತ್ರದಲ್ಲಿ ಏನೂ ಅರ್ಥವಾಗದೆಯೂ ಎರಡು ಪುಟ ತುಂಬಿಸಬಹುದು. ತುಂಬಿಸಿದವರಿಗೆ ತಮಗೆ ಗೊತ್ತಿಲ್ಲ ಎನ್ನುವುದೇ ಗೊತ್ತಾಗುವುದಿಲ್ಲ.

ನನ್ನ ಮೊಮ್ಮಗಳಿಗೆ ಗೊತ್ತಾಯಿತು. ದ್ವಿತೀಯ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅರ್ಥಶಾಸ್ತ್ರಕ್ಕೆ 80ಕ್ಕೆ 34 ಬಂತು. ಬೇರೆ ವಿಷಯಗಳಲ್ಲಿ ಅವಳು ಹಿಂದೆ ಬಿದ್ದವಳಲ್ಲ. ಅದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಯಾರೂ ಹೇಳದಿದ್ದರೂ ಅವಳು ಮುಂದೆ ಓದಬೇಕೆಂದು ಆಸೆಪಟ್ಟಿದ್ದು ಇದೇ ಶಾಸ್ತ್ರವನ್ನು. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆಯಲ್ಲ, ಅಲ್ಲಿಗೆ ಸೇರಬೇಕು ಎಂದು ಒಂದು ವರ್ಷದಿಂದ ಹೇಳುತ್ತಿದ್ದಳು. ಅಂಕಪಟ್ಟಿ ಬಂದ ದಿನ ನನ್ನ ಮಗ, "ಸುಮ್ಮನೆ ಇಲ್ಲೇ ಬಿ.ಕಾಂ. ಮಾಡು. ಅಜ್ಜ ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಚೆನ್ನಾಗಿಯೇ ಇದ್ದರಲ್ಲ" ಎಂದ. ಅಪ್ಪ ಬೈದಿದ್ದರೆ ಅವಳು ವಾದ ಮಾಡುತ್ತಿದ್ದಳೇನೋ. ಮೆತ್ತಗೆ ಹೇಳಿದ್ದಕ್ಕೆ ಸುಮ್ಮನಾಗಿಬಿಟ್ಟಳು. ಆ ಸುಮ್ಮನಿರುವಿಕೆ ನನಗೆ ಹಿಡಿಸಲಿಲ್ಲ. ಡಿಸೆಂಬರ್ ಪರೀಕ್ಷೆಯವರೆಗೆ ನೋಡೋಣ, ಒಬ್ಬ ಮೇಷ್ಟ್ರನ್ನು ಹುಡುಕುವ ಕೆಲಸ ನನ್ನದು ಎಂದೆ.

ನೀವೇ ಹೇಳಿಕೊಡಬಹುದಿತ್ತಲ್ಲ ಎಂದು ಕೇಳಬೇಡಿ. ನಾನು ಬಿ.ಕಾಂ. ಓದಿದ್ದು ಐವತ್ತು ವರ್ಷಗಳ ಹಿಂದೆ. ಈಗ ನಮ್ಮ ಪಿಯುಸಿಯಲ್ಲಿರುವುದು ಎನ್‌ಸಿಇಆರ್‌ಟಿ ಪಠ್ಯ. ಮೊದಲ ವರ್ಷ ಸಂಖ್ಯಾಶಾಸ್ತ್ರದ ಪರಿಚಯ ಮತ್ತು ಭಾರತದ ಆರ್ಥಿಕ ಅಭಿವೃದ್ಧಿ. ಪಂಚವಾರ್ಷಿಕ ಯೋಜನೆ, 1991ರ ಉದಾರೀಕರಣ, ಉದ್ಯೋಗ ಎಲ್ಲ ಕಥೆಯ ಹಾಗೆ ಓದಿಕೊಂಡು ಹೋಗಬಹುದು. ಎರಡನೆಯ ವರ್ಷಕ್ಕೆ ಬಂದರೆ ಪುಟ ತಿರುಗಿಸಿದಲ್ಲೆಲ್ಲ ಗೆರೆಗಳು. ಬಜೆಟ್ ಲೈನು, ಇಂಡಿಫರೆನ್ಸ್ ಕರ್ವು, ವೆಚ್ಚದ ರೇಖೆಗಳು, ಮಾರುಕಟ್ಟೆ ಸಮತೋಲನ. ಅದು ಮುಗಿದರೆ ರಾಷ್ಟ್ರೀಯ ಆದಾಯ, ಹಣ ಮತ್ತು ಬ್ಯಾಂಕಿಂಗ್, ಸರ್ಕಾರದ ಆಯವ್ಯಯ. ಮೊದಲ ವರ್ಷ ತೊಂಬತ್ತು ತೆಗೆದ ಮಕ್ಕಳು ಎರಡನೆಯ ವರ್ಷ ಮುಗ್ಗರಿಸುವುದು ಈ ತಿರುವಿನಲ್ಲೇ. ಕಥೆ ಓದುತ್ತಿದ್ದವರ ಕೈಗೆ ಏಕಾಏಕಿ ಸ್ಕೇಲು, ಪೆನ್ಸಿಲು ಕೊಟ್ಟಂತೆ.

ಮೊಮ್ಮಗಳ ಪ್ರಶ್ನೆ

ಹುಡುಕಾಟ ಶುರುಮಾಡುವ ಮೊದಲು ನಾನು ಅವಳಿಗೆ ಒಂದು ಕೆಲಸ ಕೊಟ್ಟೆ. "ನಿನಗೆ ನಿಜವಾಗಿಯೂ ಅರ್ಥವಾಗದ ಒಂದು ಪ್ರಶ್ನೆ ಬರೆದಿಟ್ಟುಕೋ. ಯಾರ ಹತ್ತಿರ ಹೋದರೂ ಅದನ್ನೇ ಕೇಳೋಣ." ಎರಡು ದಿನ ಯೋಚಿಸಿ ಅವಳು ತಂದ ಪ್ರಶ್ನೆ ಇದು:

"ಬೆಲೆ ಇಳಿದರೆ ಬೇಡಿಕೆ ಹೆಚ್ಚಾಗುತ್ತೆ ಅಂತ ಒಂದು ಪಾಠದಲ್ಲಿದೆ. ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತೆ ಅಂತ ಇನ್ನೊಂದು ಪಾಠದಲ್ಲಿದೆ. ಹಾಗಾದ್ರೆ ಅಜ್ಜ, ಬೆಲೆ ಇಳಿದರೆ ಬೆಲೆ ಏರುತ್ತಾ?"

ಮಕ್ಕಳೇ, ಮುಂದೆ ಓದುವ ಮೊದಲು ನೀವೂ ಒಂದು ನಿಮಿಷ ಯೋಚಿಸಿ. ಉತ್ತರ ಮುಂದೆ ಬರುತ್ತದೆ.

ಮೊದಲು ಹೋದದ್ದು ಒಂದು ದೊಡ್ಡ ಕೋಚಿಂಗ್ ಸೆಂಟರಿಗೆ. ಹೆಸರು ಬೇಡ. ಗೋಡೆ ತುಂಬ ನೂರಕ್ಕೆ ನೂರು ತೆಗೆದವರ ಫೋಟೋ. ಅವುಗಳಲ್ಲಿ ಅರ್ಥಶಾಸ್ತ್ರದ್ದು ಎಷ್ಟು ಎಂದು ಕೇಳಿದ್ದಕ್ಕೆ ಕೌಂಟರಿನಲ್ಲಿದ್ದ ಹುಡುಗಿ, "ಎಲ್ಲಾ ಸಬ್ಜೆಕ್ಟ್ಸೂ ಸೇರಿ ಸರ್" ಎಂದಳು. ಎಕನಾಮಿಕ್ಸ್ ಒಂದನ್ನೇ ಕೊಡುವುದಿಲ್ಲ, ಅಕೌಂಟೆನ್ಸಿ ಜೊತೆಗೇ ತೆಗೆದುಕೊಳ್ಳಬೇಕು, ಅಕ್ಟೋಬರ್‌ನಲ್ಲಿ ಸೇರಿದರೂ ವರ್ಷದ ಫೀ 18,000 ರೂಪಾಯಿ ಪೂರ್ತಿ, ಒಂದೇ ಕಂತು. ಒಂದು ತರಗತಿ ಕೂತು ನೋಡಬಹುದೇ ಎಂದರೆ ಅದಕ್ಕೆ ಅವಕಾಶವಿಲ್ಲ. ಕೊನೆಗೆ ಒಳಗಿಂದ ಬಂದ ಮೇಷ್ಟ್ರಿಗೆ ಮೊಮ್ಮಗಳು ತನ್ನ ಪ್ರಶ್ನೆ ಹೇಳಿದಳು. ಅವರು ಗಡಿಯಾರ ನೋಡಿಕೊಂಡು, "ಅದೆಲ್ಲ ಎಕ್ಸಾಮಿಗೆ ಬರಲ್ಲಮ್ಮ" ಎಂದರು.

ಇಂಥ ಕಡೆ ಹೋಗುವ ಅಜ್ಜ ಅಜ್ಜಿಯರಿಗೆ ಒಂದು ಮಾಹಿತಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಐವತ್ತಕ್ಕಿಂತ ಹೆಚ್ಚು ಮಕ್ಕಳಿರುವ ಕೇಂದ್ರಗಳಿಗೆ ಅದು ಅನ್ವಯ. ಕಲಿಸುವವರು ಕನಿಷ್ಠ ಪದವೀಧರರಾಗಿರಬೇಕು, ರ‍್ಯಾಂಕು, ಅಂಕಗಳ ಗ್ಯಾರಂಟಿ ಕೊಡುವಂತಿಲ್ಲ, ಫೀಗೆ ರಸೀದಿ ಕೊಡಬೇಕು. ಪೂರ್ತಿ ಫೀ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು ಎಂದೂ ಇದೆ. ಜಾರಿಗೆ ತರಬೇಕಾದದ್ದು ಆಯಾ ರಾಜ್ಯ. ಅಲ್ಲಿಯವರೆಗೆ ರಸೀದಿಯ ಹಿಂಭಾಗದ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದುವುದು ಒಳ್ಳೆಯದು. ನಾನು ಸರ್ವಿಸ್ ಪೂರ್ತಿ ಸಣ್ಣ ಅಕ್ಷರಗಳನ್ನು ಗಿರಾಕಿಗಳಿಂದ ಸಹಿ ಹಾಕಿಸಿದವನು, ಅವುಗಳ ಮಹಿಮೆ ಗೊತ್ತಿದೆ.

ಫೀ ವಿಚಾರ ಬಂದಾಗ ಆಡಂ ಸ್ಮಿತ್‌ನ ನೆನಪಾಗುತ್ತದೆ. ಅರ್ಥಶಾಸ್ತ್ರದ ಪಿತಾಮಹ ಎಂದು ಪಠ್ಯಪುಸ್ತಕಗಳು ಕರೆಯುವ ಈ ಸ್ಕಾಟ್ಲೆಂಡಿನ ಮನುಷ್ಯ ಸ್ವತಃ ಮನೆಪಾಠದ ಮೇಷ್ಟ್ರಾಗಿದ್ದ! 1764ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಿಟ್ಟು ಬಕ್ಲೂ ಎಂಬ ಮನೆತನದ ಹದಿಹರೆಯದ ಡ್ಯೂಕ್‌ಗೆ ಪಾಠ ಹೇಳುತ್ತ ಫ್ರಾನ್ಸ್ ಸುತ್ತಲು ಹೊರಟ. ವರ್ಷಕ್ಕೆ 300 ಪೌಂಡ್ ಸಂಬಳ, ಪಾಠ ಮುಗಿದ ಮೇಲೆ ಜೀವನಪೂರ್ತಿ ಅಷ್ಟೇ ಪಿಂಚಣಿ. (ನನ್ನ ಪಿಂಚಣಿಯ ಸುದ್ದಿ ಇಲ್ಲಿ ಬೇಡ.) ಆ ಪ್ರವಾಸದ ಬಿಡುವಿನಲ್ಲೇ ಅವನು ಒಂದು ಪುಸ್ತಕ ಬರೆಯಲು ಕೂತ. 1776ರಲ್ಲಿ ಅಚ್ಚಾದ 'ವೆಲ್ತ್ ಆಫ್ ನೇಷನ್ಸ್' ಅದರ ಫಲ. ಗ್ಲಾಸ್ಗೋ ಬಿಡುವಾಗ ವರ್ಷದ ನಡುವೆ ಪಾಠ ನಿಲ್ಲಿಸಬೇಕಾಯಿತೆಂದು ವಿದ್ಯಾರ್ಥಿಗಳಿಗೆ ಫೀ ವಾಪಸ್ ಕೊಟ್ಟನಂತೆ. ಅವರು ಬೇಡವೆಂದರೂ ಬಿಡದೆ ಒತ್ತಾಯ ಮಾಡಿ ಕೊಟ್ಟನೆಂದು ಅವನ ಜೀವನಚರಿತ್ರೆಕಾರರು ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಅವನು, ತಾನು ಓದಿದ ಆಕ್ಸ್‌ಫರ್ಡಿನಲ್ಲಿ ಬಹುತೇಕ ಪ್ರಾಧ್ಯಾಪಕರು ಪಾಠ ಮಾಡುವ ನಟನೆಯನ್ನೂ ಬಿಟ್ಟು ಎಷ್ಟೋ ವರ್ಷಗಳಾದವು ಎಂದು ಕುಟುಕುತ್ತಾನೆ. ಪಾಠ ಮಾಡಿದರೂ ಮಾಡದಿದ್ದರೂ ಸಂಬಳ ಬಂದೇ ಬರುತ್ತದೆ ಎಂಬುದು ಅವನು ಕೊಡುವ ಕಾರಣ. ವರ್ಷದ ಫೀ ಮೊದಲೇ ಎಣಿಸಿಕೊಡುವುದಕ್ಕೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ತಿಂಗಳು ತಿಂಗಳು ಕೊಡುವ ಕಡೆಯೇ ಸೇರಿಸುವುದೆಂದು ನಿಶ್ಚಯಿಸಿದೆ.

ಎರಡನೆಯದಾಗಿ ಹೋದದ್ದು ಅಕೌಂಟೆನ್ಸಿಗೆ ಹೆಸರಾದ ಒಬ್ಬ ಎಂ.ಕಾಂ. ಮೇಷ್ಟ್ರ ಮನೆಗೆ. ಅಂಗಳದಲ್ಲಿ ಇಪ್ಪತ್ತು ಸೈಕಲ್ಲು. ಪ್ರಶ್ನೆ ಕೇಳಿ ಅವರು ನಕ್ಕರು. "ರಾಯರೇ, ನಿಮ್ಮ ಹತ್ರ ಸುಳ್ಳು ಯಾಕೆ? ಅಕೌಂಟ್ಸ್ ಆದ್ರೆ ಎಲ್ಲಿ ಕೇಳಿದ್ರೂ ಹೇಳ್ತೀನಿ. ಎಕನಾಮಿಕ್ಸಿಗೆ ನೋಟ್ಸ್ ಕೊಡ್ತೀನಿ ಅಷ್ಟೆ. ಮಗು ಕೇಳ್ತಿರೋದು ನೋಟ್ಸಲ್ಲಿ ಇಲ್ಲ." ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರನ್ನೇ ಹುಡುಕಿ ಎಂದು ಸಲಹೆಯನ್ನೂ ಕೊಟ್ಟರು. ಬಂದ ಗಿರಾಕಿಯನ್ನು ಹೀಗೆ ಕೈಬಿಟ್ಟು ಕಳಿಸುವ ಮೇಷ್ಟ್ರ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಅಕೌಂಟೆನ್ಸಿಗೆ ಯಾರಾದರೂ ಕೇಳಿದರೆ ನಾನು ಅವರ ಮನೆಯನ್ನೇ ತೋರಿಸುತ್ತೇನೆ.

ನಡುವೆ ಸೊಸೆ ಮೊಬೈಲಿನಲ್ಲಿ ಒಬ್ಬ ಆನ್‌ಲೈನ್ ಮೇಷ್ಟ್ರನ್ನು ಹುಡುಕಿದಳು. ದೂರದ ನಗರದವರು, ಒಂದು ಗಂಟೆ ಉಚಿತ ಪಾಠ. ನಾನೂ ಪಕ್ಕದಲ್ಲಿ ಕೂತೆ. ಮನುಷ್ಯನಿಗೆ ವಿಷಯ ಗೊತ್ತಿತ್ತು, ಅನುಮಾನವಿಲ್ಲ. ಪರದೆಯ ಮೇಲೆ ಬಣ್ಣಬಣ್ಣದ ಗೆರೆಗಳು ಸರಸರನೆ ಮೂಡಿದವು, ಇಂಗ್ಲಿಷು ಜೋಗದ ಹಾಗೆ ಧುಮುಕಿತು. ಎರಡು ನಿಮಿಷಕ್ಕೊಮ್ಮೆ "ಕ್ಲಿಯರ್?" ಎಂದರು, ಇವಳು ಪ್ರತಿ ಸಲವೂ "ಎಸ್ ಸರ್" ಎಂದಳು. ಫೋನ್ ಇಟ್ಟ ಮೇಲೆ ಅದೇ ಚಿತ್ರ ಬರೆ ಎಂದರೆ ಪೆನ್ಸಿಲು ಮೇಲೇಳಲಿಲ್ಲ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಇಂಗ್ಲಿಷಿಗೆ ಬಂದ ಮಕ್ಕಳ 'ಎಸ್ ಸರ್' ಎಷ್ಟೋ ಸಲ 'ಸಾಕು ಸರ್' ಎಂದೇ ಅರ್ಥ.

ಪೆನ್ಸಿಲು ಕೊಟ್ಟವರು

ಅರ್ಥಶಾಸ್ತ್ರದ ಎಂ.ಎ.ಗಳು ಎಲ್ಲಿರುತ್ತಾರೆ? ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ಇರುತ್ತಾರೆ. ಹೆಸರು ಅತಿಥಿ, ಸತ್ಕಾರ ಮಾತ್ರ ಅಷ್ಟಕ್ಕಷ್ಟೆ. ಕೆ-ಸೆಟ್, ನೆಟ್ ಪಾಸಾಗಿಯೂ ಕಾಯಂ ಆಗದೆ ವರ್ಷ ವರ್ಷ ಅರ್ಜಿ ಹಾಕುವವರು ಎಷ್ಟೋ ಜನ. ಬೋರ್ಡು ಹಾಕಿಕೊಳ್ಳುವ ಅಭ್ಯಾಸ ಅವರಿಗಿಲ್ಲ, ಹಾಗಾಗಿ ಬೀದಿಯಲ್ಲಿ ನಡೆದು ಹುಡುಕಿದರೆ ಸಿಗುವುದಿಲ್ಲ. ನನ್ನ ಜೊತೆ ಬೆಳಿಗ್ಗೆ ವಾಕಿಂಗ್ ಬರುವ ನಿವೃತ್ತ ಪ್ರಾಂಶುಪಾಲರೊಬ್ಬರ ಮೂಲಕ ವಿನೋಬನಗರದಲ್ಲಿ ಅಂಥ ಒಬ್ಬ ಮೇಡಂ ಇದ್ದಾರೆಂದು ತಿಳಿಯಿತು.

ಚಿಕ್ಕ ಬಾಡಿಗೆ ಮನೆ. ಊಟದ ಮೇಜಿನ ಸುತ್ತ ನಾಲ್ಕು ಮಕ್ಕಳು. ಮೊಮ್ಮಗಳು ತನ್ನ ಪ್ರಶ್ನೆ ಒಪ್ಪಿಸಿದಳು. ಮೇಡಂ ಉತ್ತರ ಹೇಳಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಮುಂದಿಟ್ಟು, "ಮಲ್ಲಿಗೆ ಹೂವಿನ ಬೇಡಿಕೆ ರೇಖೆ ಬರಿ ನೋಡೋಣ" ಎಂದರು.

ಇವಳು ಬರೆದ ಗೆರೆ ಸರಿಯಿತ್ತು. ಎಡದಿಂದ ಬಲಕ್ಕೆ ಇಳಿಯುವ ರೇಖೆ. "ಮೊಳಕ್ಕೆ 40 ರೂಪಾಯಿ ಇದ್ದಾಗ ನಿಮ್ಮಮ್ಮ ಎಷ್ಟು ತಗೋತಾರೆ?" "ಒಂದು ಮೊಳ." "20ಕ್ಕೆ ಇಳಿದ್ರೆ?" "ಎರಡು ಮೊಳ, ಅಜ್ಜಿ ದೇವರಿಗೂ ಅಂತಾರೆ." "ಈಗ ಬೆರಳಿಟ್ಟು ತೋರಿಸು." ಬೆರಳು ಅದೇ ರೇಖೆಯ ಮೇಲೆ ಕೆಳಕ್ಕೆ ಜಾರಿತು. "ಸರಿ. ನಾಳೆ ವರಮಹಾಲಕ್ಷ್ಮಿ ಹಬ್ಬ. ಮೊಳಕ್ಕೆ 40 ಇದ್ರೂ ನಿಮ್ಮಮ್ಮ ಎಷ್ಟು ತಗೋತಾರೆ?" "ನಾಲ್ಕು ಮೊಳ." "ಅದನ್ನ ಈ ರೇಖೆ ಮೇಲೆ ತೋರಿಸು."

ಬೆರಳು ರೇಖೆಯ ಮೇಲೆ ಹುಡುಕಿತು, ಸಿಗಲಿಲ್ಲ. 40 ರೂಪಾಯಿ, ನಾಲ್ಕು ಮೊಳ ಎನ್ನುವ ಚುಕ್ಕೆ ರೇಖೆಯ ಹೊರಗಿತ್ತು. ಒಂದು ನಿಮಿಷ ಸುಮ್ಮನಿದ್ದು ಇವಳೇ ಹೇಳಿದಳು: "ಇದಕ್ಕೆ ಬೇರೆ ಗೆರೆ ಬೇಕು ಮೇಡಂ."

ಉತ್ತರ ಅಷ್ಟೆ, ಮಕ್ಕಳೇ. ಹೂವಿನ ಬೆಲೆ ಇಳಿದದ್ದಕ್ಕೆ ಅಮ್ಮ ಹೆಚ್ಚು ಕೊಂಡರೆ ರೇಖೆ ಇದ್ದಲ್ಲೇ ಇರುತ್ತದೆ, ನಾವು ಅದರ ಮೇಲೆ ಕೆಳಗೆ ಜಾರುತ್ತೇವೆ. ಹಬ್ಬ ಬಂದದ್ದಕ್ಕೆ ಎಲ್ಲರೂ ಹೆಚ್ಚು ಕೊಳ್ಳಲು ಹೊರಟರೆ ರೇಖೆಯೇ ಬಲಕ್ಕೆ ಸರಿಯುತ್ತದೆ, ಬೆಲೆ ಏರುವುದು ಆಗ. ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ, ನಮ್ಮ ಮಾತಿನಲ್ಲಿ ಎರಡನ್ನೂ 'ಬೇಡಿಕೆ ಹೆಚ್ಚಾಯಿತು' ಎನ್ನುತ್ತೇವೆ. ಗೊಂದಲ ಹುಟ್ಟುವುದು ಇಲ್ಲಿ. ನಲವತ್ತು ನಿಮಿಷದಲ್ಲಿ ಮೇಡಂ ಮಾತನಾಡಿದ್ದು ಹತ್ತು ನಿಮಿಷವಿದ್ದೀತು. ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳು ನನಗೆ ಇದನ್ನೇ ಮತ್ತೊಮ್ಮೆ, ಈರುಳ್ಳಿ ಇಟ್ಟುಕೊಂಡು ವಿವರಿಸಿದಳು. ಮೇಷ್ಟ್ರ ಆಯ್ಕೆ ಅಲ್ಲಿಗೆ ಮುಗಿಯಿತು. ಆರಿಸಿದವಳು ಅವಳೇ.

ಮುಂದಿನ ವಾರ ಮೇಡಂ ನನಗೆ ಹೇಳಿದ್ದು ಕುತೂಹಲದ ಸಂಗತಿ. "ನಿಮ್ಮ ಹುಡುಗಿಗೆ ಎಕನಾಮಿಕ್ಸ್ ಕಷ್ಟ ಇಲ್ಲ ಸರ್. ಗ್ರಾಫ್ ಓದೋದು ಬರಲ್ಲ." ಅದಕ್ಕೆ ಒಂದು ಕಾರಣವನ್ನೂ ತೋರಿಸಿದರು. ಗಣಿತದ ಪಾಠದಲ್ಲಿ ಯಾವುದು ಕಾರಣವೋ ಅದನ್ನು ಅಡ್ಡ ಗೆರೆಯ ಮೇಲೆ, ಪರಿಣಾಮವನ್ನು ನಿಂತ ಗೆರೆಯ ಮೇಲೆ ಇಡುವುದು ರೂಢಿ. ಬೇಡಿಕೆಯ ರೇಖೆಯಲ್ಲಿ ಇದು ತಿರುಗುಮುರುಗು. ಬೆಲೆ ನಿಂತ ಗೆರೆಯ ಮೇಲಿರುತ್ತದೆ, ಪ್ರಮಾಣ ಅಡ್ಡ ಗೆರೆಯ ಮೇಲೆ. ಕೇಂಬ್ರಿಡ್ಜಿನ ಆಲ್ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಹಾಗೆ ಬರೆದ, ಅದೇ ಪದ್ಧತಿ ಜಗತ್ತಿನಾದ್ಯಂತ ನಿಂತುಬಿಟ್ಟಿತು. ಗಣಿತ ಚೆನ್ನಾಗಿ ಬರುವ ಮಕ್ಕಳೂ ಇಲ್ಲಿ ಎಡವುತ್ತಾರಂತೆ. ಇದನ್ನು ಯಾರಾದರೂ ಮೊದಲ ದಿನವೇ ಹೇಳಿಬಿಟ್ಟರೆ ಅರ್ಧ ಹೊರೆ ಇಳಿಯುತ್ತದೆ.

ಎರಡು ವಾರ ಅವರು ಪಠ್ಯವನ್ನೇ ಮುಟ್ಟಲಿಲ್ಲ. ಗ್ರಾಫ್ ಹಾಳೆ, ಇಡ್ಲಿ, ವಡೆ. ಕೈಯಲ್ಲಿ 100 ರೂಪಾಯಿ, ಇಡ್ಲಿಗೆ 10, ವಡೆಗೆ 20. ಬರೀ ಇಡ್ಲಿಯಾದರೆ ಹತ್ತು, ಬರೀ ವಡೆಯಾದರೆ ಐದು. ಎರಡು ಚುಕ್ಕೆ ಸೇರಿಸಿದರೆ ಬಜೆಟ್ ಲೈನು. ಒಂದು ವಡೆ ಬೇಕೆಂದರೆ ಎರಡು ಇಡ್ಲಿ ಬಿಡಬೇಕು, ಆ ಗೆರೆಯ ಓರೆ ಹೇಳುವುದು ಇಷ್ಟನ್ನೇ. ವಡೆ 25 ಆದರೆ ಗೆರೆ ಹೇಗೆ ವಾಲುತ್ತದೆ, ಅಪ್ಪ ಇನ್ನೂ 100 ಕೊಟ್ಟರೆ ಹೇಗೆ ಸರಿಯುತ್ತದೆ ಎಂದು ಹತ್ತಾರು ಸಲ ಬರೆಸಿದರು. ಮೊದಲು ಕನ್ನಡದಲ್ಲಿ ಬಾಯಲ್ಲಿ ಹೇಳಬೇಕು, ಆಮೇಲೆ ಪರೀಕ್ಷೆಗೆ ಬೇಕಾದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕು. ಈ ಕ್ರಮ ನನಗೆ ಬಹಳ ಹಿಡಿಸಿತು.

ಪೂರೈಕೆಯ ಪಾಠ ಬಂದಾಗ ಅಡಿಕೆ ಬಂತು. ಮಲೆನಾಡಿನಲ್ಲಿ ಬರದೆ ಇರುತ್ತದೆಯೇ! ಅಡಿಕೆಗೆ ಈ ವರ್ಷ ಒಳ್ಳೆಯ ಧಾರಣೆ ಬಂತು ಎಂದು ಈ ವರ್ಷವೇ ಹೆಚ್ಚು ಬೆಳೆಯಲು ಆಗುವುದಿಲ್ಲ, ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು, ಆದ್ದರಿಂದ ಅಲ್ಪಾವಧಿಯಲ್ಲಿ ಪೂರೈಕೆ ಅಷ್ಟಾಗಿ ಹಿಗ್ಗುವುದಿಲ್ಲ ಎಂದು ಮೇಡಂ ವಿವರಿಸುತ್ತಿದ್ದರಂತೆ. ನನ್ನ ಸೊಸೆಯ ತವರು ತೀರ್ಥಹಳ್ಳಿ ಕಡೆ, ಅಲ್ಲಿ ಒಂದು ತುಂಡು ತೋಟವಿದೆ. ಮೊಮ್ಮಗಳು ಕೈಯೆತ್ತಿ, "ಹಾಗೇನಿಲ್ಲ ಮೇಡಂ, ತಾತ ಒಣಗಿಸಿದ ಅಡಿಕೆನ ಎರಡು ವರ್ಷ ಮೂಟೆ ಕಟ್ಟಿ ಇಟ್ಟಿರ್ತಾರೆ. ರೇಟ್ ಬಂದ ಕೂಡ್ಲೆ ಮಂಡಿಗೆ ಕಳಿಸ್ತಾರೆ" ಎಂದಳಂತೆ. ದಾಸ್ತಾನು ಇಡಬಹುದಾದ ಬೆಳೆಗೂ ಟೊಮೇಟೊಗೂ ಇರುವ ವ್ಯತ್ಯಾಸದ ಮೇಲೆ ಆ ದಿನದ ಪಾಠ ಪೂರ್ತಿ ಹೊರಳಿತು. ಸಂಜೆ ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ತಿಂಗಳ ಹಿಂದೆ ಸುಮ್ಮನಾಗಿದ್ದ ಹುಡುಗಿ ಮೇಷ್ಟ್ರಿಗೇ ಪಾಠ ಹೇಳಿ ಬಂದಿದ್ದಳು.

ಅಜ್ಜಂದಿರಿಗೂ ಒಂದು ಅಧ್ಯಾಯ

'ಹಣ ಮತ್ತು ಬ್ಯಾಂಕಿಂಗ್' ಅಧ್ಯಾಯವನ್ನು ಮೇಡಂ ನನಗೇ ಒಪ್ಪಿಸಿದರು. ಬ್ಯಾಂಕುಗಳು ಸಾಲ ಸೃಷ್ಟಿಸುವುದು ಹೇಗೆ ಎಂಬ ಭಾಗ. ನಾನು ನಮ್ಮ ಮನೆಯ ಹಳೆಯ ಪಾಸ್‌ಬುಕ್ಕುಗಳನ್ನು ಮುಂದಿಟ್ಟುಕೊಂಡೆ. ಒಬ್ಬರು 1,000 ರೂಪಾಯಿ ಠೇವಣಿ ಇಟ್ಟರು. ನೂರಕ್ಕೆ ಹತ್ತರಂತೆ ಮೀಸಲು ಎಂದಿಟ್ಟುಕೊಂಡರೆ 100 ರೂಪಾಯಿ ತೆಗೆದಿರಿಸಿ ಬ್ಯಾಂಕು 900 ಸಾಲ ಕೊಡುತ್ತದೆ. ಆ 900 ಯಾರದೋ ಕೈಸೇರಿ ಮತ್ತೆ ಬ್ಯಾಂಕಿಗೇ ಬರುತ್ತದೆ. ಅದರಲ್ಲಿ 90 ಇಟ್ಟು 810 ಸಾಲ. ಹೀಗೇ ಇಳಿಯುತ್ತ ಹೋದರೆ ಎಲ್ಲ ಠೇವಣಿಗಳ ಮೊತ್ತ 10,000. "ಹಾಗಾದ್ರೆ 9,000 ಎಲ್ಲಿಂದ ಬಂತು ಅಜ್ಜ?" ಎಂದು ಕೇಳಿದಳು. ಕೌಂಟರಿನಲ್ಲಿ ಕೂತಷ್ಟೂ ವರ್ಷ ಒಬ್ಬ ಗಿರಾಕಿಯೂ ನನಗೆ ಕೇಳದ ಪ್ರಶ್ನೆ ಅದು. ಸಾಲಗಾರರು ಹಿಂದಿರುಗಿಸುತ್ತೇವೆಂದು ಕೊಟ್ಟ ಮಾತಿನಿಂದ ಬಂತು ಎಂದು ನನ್ನ ಉತ್ತರ. ಪುಸ್ತಕದ ಉತ್ತರ ಮೇಡಂ ಬರೆಸಿದರು.

ನಿಮ್ಮ ಮನೆಯಲ್ಲೂ ಇಂಥ ಅಧ್ಯಾಯಗಳು ಕೂತಿರುತ್ತವೆ. ತಾಲ್ಲೂಕು ಕಚೇರಿಯಲ್ಲಿ ಬಜೆಟ್ ಅಂದಾಜು ಬರೆದ ತಾತ, ಮನೆಯಲ್ಲೇ ಹಪ್ಪಳ ಮಾಡಿ ಮಾರುತ್ತಿದ್ದ ಅಜ್ಜಿ. ಹಪ್ಪಳದ ಅಜ್ಜಿಗೆ ಸೀಮಾಂತ ವೆಚ್ಚ ಎಂಬ ಪದ ಗೊತ್ತಿಲ್ಲದಿರಬಹುದು, ಇನ್ನೂ ನೂರು ಹಪ್ಪಳಕ್ಕೆ ಎಷ್ಟು ಹೆಚ್ಚಿಗೆ ಖರ್ಚು ಎಂಬುದು ಬಾಯಲ್ಲೇ ಇರುತ್ತದೆ. ಮಕ್ಕಳು ಕೇಳಬೇಕು, ಅಷ್ಟೆ.

ದುಡ್ಡಿನ ಮಾತು. ಮೇಡಂ ಕೇಳಿದ್ದು ವಾರಕ್ಕೆ ಮೂರು ದಿನ, ತಿಂಗಳಿಗೆ 1,500 ರೂಪಾಯಿ, ತಿಂಗಳ ಕೊನೆಗೆ. ಅದಕ್ಕೂ ಅನುಕೂಲವಿಲ್ಲದ ಮನೆಗಳಿವೆ ಎಂಬುದು ನನಗೆ ಗೊತ್ತು. ಎನ್‌ಸಿಇಆರ್‌ಟಿಯ ಪುಸ್ತಕಗಳು ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ರಾಷ್ಟ್ರೀಯ ಮುಕ್ತ ಶಾಲೆಯ ಅರ್ಥಶಾಸ್ತ್ರದ ಪಾಠಗಳೂ ಉಚಿತ, ಇವು ಸ್ವಂತವಾಗಿ ಓದಿಕೊಳ್ಳುವವರಿಗೆಂದೇ ಬರೆದವು. ಕೇಂದ್ರ ಸರ್ಕಾರದ ಸ್ವಯಂ ತಾಣದಲ್ಲಿ ಪಿಯುಸಿ ಮಟ್ಟದ ಪಾಠಗಳಿವೆ. ನಮ್ಮ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾದರಿ ಪ್ರಶ್ನೆಪತ್ರಿಕೆಗಳನ್ನು ಹಾಕುತ್ತದೆ. ಕಾಲೇಜಿನ ಉಪನ್ಯಾಸಕರನ್ನೇ ಪಾಠ ಮುಗಿದ ಮೇಲೆ ಹತ್ತು ನಿಮಿಷ ಕೇಳುವುದಕ್ಕೆ ಫೀ ಇಲ್ಲ. ಇಷ್ಟೂ ಮಾಡಿ ನಿಂತಲ್ಲೇ ನಿಂತರೆ ಮೇಷ್ಟ್ರನ್ನು ಹುಡುಕಿ. ಹುಡುಕುವಾಗ ಮಗುವನ್ನು ಕರೆದುಕೊಂಡು ಹೋಗಿ, ಮಾತನಾಡಲು ಅದಕ್ಕೇ ಬಿಡಿ. ನಾವು ಹಿರಿಯರು ಹೋದರೆ ಎಲ್ಲ ಮೇಷ್ಟ್ರುಗಳೂ ನಮಗೇ ಪಾಠ ಮಾಡುತ್ತಾರೆ.

ಹತ್ತನೆಯ ತರಗತಿಯಲ್ಲಿರುವ ಮೊಮ್ಮಕ್ಕಳ ಅಜ್ಜಂದಿರಿಗೆ ಇನ್ನೊಂದು ಮಾತು. ಮುಂದೆ ಅರ್ಥಶಾಸ್ತ್ರವನ್ನೇ ಗಟ್ಟಿಯಾಗಿ ಓದುವ ಆಸೆಯಿದ್ದರೆ ಪಿಯುಸಿಯಲ್ಲಿ ಗಣಿತ ಬಿಡಿಸಬೇಡಿ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಎಕನಾಮಿಕ್ಸ್‌ಗೆ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಲೇಬೇಕು. 'ಕಾಮರ್ಸ್ ತಾನೇ, ಗಣಿತ ಯಾಕೆ' ಎಂದು ತಪ್ಪಿಸಿಕೊಂಡ ಮಕ್ಕಳಿಗೆ ಆ ಬಾಗಿಲು ಹದಿನಾರನೇ ವಯಸ್ಸಿನಲ್ಲೇ ಮುಚ್ಚಿಹೋಗಿರುತ್ತದೆ, ಅದು ಗೊತ್ತಾಗುವುದು ಹದಿನೆಂಟಕ್ಕೆ. ಸೇರಬೇಕೆಂದಿರುವ ಕಾಲೇಜು ಯಾವ ವಿಷಯ ಕೇಳುತ್ತದೆ ಎಂದು ಕಾಂಬಿನೇಷನ್ ಬರೆಯುವ ಮೊದಲೇ ನೋಡಿಟ್ಟುಕೊಳ್ಳಿ.

ಡಿಸೆಂಬರ್ ಪರೀಕ್ಷೆಯಲ್ಲಿ ಅವಳಿಗೆ 80ಕ್ಕೆ 57 ಬಂತು. ಬಂಗಾರದ ಪದಕದ ಅಂಕವೇನಲ್ಲ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸವಕಳಿ ಕಳೆಯುವುದನ್ನು ಬಿಟ್ಟಿದ್ದಳು, ಅದಕ್ಕೇ ಆರು ಅಂಕ ಹೋಗಿದೆ. ಗೆರೆ ಬರೆಯುವ ಪ್ರಶ್ನೆಗಳಲ್ಲಿ ಒಂದು ಅಂಕವೂ ಹೋಗಿಲ್ಲ. ಉತ್ತರಪತ್ರಿಕೆಯನ್ನು ಅಪ್ಪನ ಮುಂದೆ ಹಿಡಿದು, ಅವನ ಅಂಗಡಿಯ ಛತ್ರಿ ವ್ಯಾಪಾರ ಮಳೆಗಾಲದಲ್ಲಿ ಯಾವ ಕಡೆ ಸರಿಯುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಅವನು ಬೆಂಗಳೂರಿಗೆ ಹೂಂ ಎಂದೂ ಹೇಳಿಲ್ಲ, ಬಿ.ಕಾಂ. ಮಾತನ್ನೂ ಮತ್ತೆ ಎತ್ತಿಲ್ಲ. ಪ್ರವೇಶ ಪರೀಕ್ಷೆಯ ಅರ್ಜಿಗೆ ಯಾವ ಯಾವ ದಾಖಲೆ ಬೇಕು ಎಂದು ಮೊನ್ನೆ ನನ್ನನ್ನು ಕೇಳಿದ.

ಮೇಡಂ ಈಗ ಅವಳನ್ನು ಭಾನುವಾರ ಮಾತ್ರ ಬಾ ಎಂದಿದ್ದಾರೆ, ಉಳಿದದ್ದನ್ನು ಅವಳೇ ಓದಿಕೊಳ್ಳುತ್ತಾಳಂತೆ. ಜನವರಿಯಿಂದ ಫೀ 500 ಸಾಕು ಎಂದೂ ಹೇಳಿ ಕಳಿಸಿದ್ದಾರೆ.